ಹೆಬ್ಬಾಳದ ಜಾಮಲ್ಲಿ ಟ್ಯಾಕ್ಸಿಗೂ ರೆಕ್ಕೆ ಇಲ್ಲ

ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನ ನಮ್ಮ ಹಾಸ್ಟೆಲ್ ಗೇಟ್ ಮುಂದೆ ನಿಂತು ನೋಡಿ. ಅರ್ಧ ಗಂಟೆಯಲ್ಲಿ ಐದು ಟ್ಯಾಕ್ಸಿ ಬರುತ್ತವೆ, ಒಂದೊಂದಕ್ಕೂ ಒಬ್ಬೊಬ್ಬರೇ ಹತ್ತುತ್ತಾರೆ. ಐದೂ ಹೋಗೋದು ದೇವನಹಳ್ಳಿ ವಿಮಾನ ನಿಲ್ದಾಣಕ್ಕೇ!

ಯಾಕ್ರೋ ಅಂದ್ರೆ, "ಟೈಮ್ ಉಳಿಯುತ್ತೆ ಮಗಾ" ಅನ್ನೋ ಉತ್ತರ. ನಿಜವಾಗ್ಲೂ ಉಳಿಯುತ್ತಾ? ನಾವಿರೋದು ಬೆಂಗಳೂರಿನ ದಕ್ಷಿಣ ತುದಿಯಲ್ಲಿ, ವಿಮಾನ ನಿಲ್ದಾಣ ಇರೋದು ಊರಿಂದ ಉತ್ತರಕ್ಕೆ. ಮಧ್ಯೆ ಇಡೀ ನಗರ, ಅದರ ಕೊನೆಗೆ ಹೆಬ್ಬಾಳ. ಅಲ್ಲಿ ಟ್ಯಾಕ್ಸಿ ನಿಂತರೆ ಪಕ್ಕದಲ್ಲೇ ವಾಯುವಜ್ರ ಬಸ್ಸೂ ನಿಂತಿರುತ್ತೆ. ಜಾಸ್ತಿ ದುಡ್ಡು ಕೊಟ್ಟವರಿಗೆ ಅಂತ ಬೇರೆ ರಸ್ತೆ ಇಲ್ಲ. ಕಳೆದ ವರ್ಷ ನಮ್ಮ ಗೆಳೆಯನೊಬ್ಬ ಪುಣೆಯ ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೊರಟು, ಇದೇ ಜಾಮಲ್ಲಿ ಸಿಕ್ಕಿ ವಿಮಾನ ತಪ್ಪಿಸಿಕೊಂಡ. ಅವನು ಕೂತಿದ್ದು ಟ್ಯಾಕ್ಸಿಯಲ್ಲೇ.

ಸಮಯ ನಿಜವಾಗಿ ಉಳಿಯೋದು ಮೆಟ್ರೋದಲ್ಲಿ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ವರೆಗೆ ಹೋದರೆ ಊರೊಳಗಿನ ಸಿಗ್ನಲ್‌ಗಳ ಕಾಟ ಇಲ್ಲ. ಅಲ್ಲಿಂದ ಕೆಐಎ-9 ಬಸ್. ಲಗೇಜ್ ಇಡೋಕೆ ಜಾಗ ಇದೆ, ಏಸಿ ಇದೆ. ಕಳೆದ ರಜೆಯಲ್ಲಿ ನಮ್ಮಲ್ಲೊಬ್ಬರು ಟ್ಯಾಕ್ಸಿಗೆ ಕೊಟ್ಟಿದ್ದು 1,400 ರೂಪಾಯಿ. ಮೆಟ್ರೋ, ಬಸ್ ಹಿಡಿದು ಹೋದವರಿಗೆ ಆಗಿದ್ದು 400ರ ಒಳಗೆ. ಉಳಿದ ಸಾವಿರ ಅಪ್ಪ-ಅಮ್ಮನ ದುಡಿಮೆಯದ್ದು ಅನ್ನೋದನ್ನ ಮರೆಯಬಾರದು.

ಹಾಗಂತ ಟ್ಯಾಕ್ಸಿಯೇ ಬೇಡ ಅಂತ ನಾವು ಹೇಳ್ತಿಲ್ಲ. ಮೆಟ್ರೋ ಇಲ್ಲದ ಅಪರಾತ್ರಿಯಲ್ಲಿ, ಹುಷಾರಿಲ್ಲದಾಗ, ಒಬ್ಬರೇ ಹೋಗೋಕೆ ಭಯ ಅನ್ನಿಸಿದಾಗ ಟ್ಯಾಕ್ಸಿಯೇ ಸರಿ. ಆಗ ದುಡ್ಡಿನ ಮುಖ ನೋಡಬೇಡಿ. ಮೂರು ಜನ ಸೇರಿದರಂತೂ ತಲೆಗೆ 470ರ ಆಸುಪಾಸು, ಬಸ್ಸಿಗಿಂತ ಸ್ವಲ್ಪವೇ ಜಾಸ್ತಿ. ನಾಲ್ಕು ಜನ ಅಂತ ಆಸೆ ಪಡಬೇಡಿ. ಎಷ್ಟೋ ಟ್ಯಾಕ್ಸಿಗಳ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರೇ ಅರ್ಧ ಜಾಗ ತಿಂದಿರುತ್ತೆ, ಸೂಟ್‌ಕೇಸ್ ತೊಡೆ ಮೇಲೆ ಬರುತ್ತೆ!

ಇನ್ನೊಂದು ಮಾತು. ಉಳಿತಾಯ ಅಂದ್ರೆ ಡ್ರೈವರ್ ಅಣ್ಣನ ಹತ್ರ ಐವತ್ತು ರೂಪಾಯಿಗೆ ಜಗಳ ಆಡೋದಲ್ಲ. ಡೀಸೆಲ್ಲು, ಟೋಲು, ಗಾಡಿಯ ಕಂತು ಎಲ್ಲಾ ಅವರ ತಲೆ ಮೇಲೇ ಇರುತ್ತೆ. ನಾವು ಉಳಿಸಬೇಕಾದ್ದು ಖಾಲಿ ಹೋಗೋ ಸೀಟುಗಳನ್ನ.

ಅದಕ್ಕೆ ದೊಡ್ಡ ಆ್ಯಪ್ ಏನೂ ಬೇಡ. ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸೋಣ: ಹೆಸರು, ದಿನ, ವಿಮಾನದ ಹೊತ್ತು, ಟರ್ಮಿನಲ್ 1ಓ 2ಓ. ಹೊತ್ತು ಹೊಂದಿದವರು ಜೊತೆಯಾಗಲಿ. ದೇಶದೊಳಗಿನ ಹೆಚ್ಚಿನ ವಿಮಾನಗಳಿಗೆ ಚೆಕ್-ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತೆ. ಆದ್ದರಿಂದ ಯಾರ ವಿಮಾನ ಮೊದಲೋ ಅವರ ಲೆಕ್ಕಕ್ಕೆ ಎಲ್ಲರೂ ಹೊರಡಬೇಕು.

ನಾಲ್ಕು ವರ್ಷ ಆಪ್ಟಿಮೈಸೇಶನ್ ಓದೋ ನಾವು ಒಂದು ಟ್ಯಾಕ್ಸಿ ತುಂಬಿಸೋಕೆ ಆಗಲ್ಲ ಅಂದ್ರೆ ಹೇಗೆ? ಈ ರಜೆಯಿಂದಲೇ ಶುರು ಮಾಡೋಣ. ಹಾಳೆ ನಾವು ಅಂಟಿಸ್ತೀವಿ, ಪೆನ್ನು ನೀವು ತನ್ನಿ.