ಕವಿತೆ ಬದುಕಿದೆ, ಮಾರತ್ತಹಳ್ಳಿಗೆ ತಲುಪಿದೆಯೇ?

ನವೆಂಬರ್ ಬಂತೆಂದರೆ ಮಾರತ್ತಹಳ್ಳಿಯ ಸೇತುವೆಯ ಆಸುಪಾಸಿನಲ್ಲೂ ಹಳದಿ-ಕೆಂಪು ಬಾವುಟಗಳು ಹಾರಾಡುತ್ತವೆ; ಧ್ವನಿವರ್ಧಕಗಳಲ್ಲಿ ಕುವೆಂಪು, ನಿಸಾರ್ ಅಹಮದ್ ಅವರ ಗೀತೆಗಳು ಮೊಳಗುತ್ತವೆ. ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಚೇರಿಗಳತ್ತ ಧಾವಿಸುವ, ಹತ್ತಾರು ಭಾಷೆಗಳನ್ನಾಡುವ ಜನರ ಕಿವಿಗೆ ಕನ್ನಡ ಕಾವ್ಯ ಬೀಳುವುದು ಬಹುತೇಕ ಆಗ ಮಾತ್ರ. ಡಿಸೆಂಬರ್ ಹೊತ್ತಿಗೆ ಎಲ್ಲವೂ ಮೌನ. ಹಾಗಾದರೆ ಕಾವ್ಯ ಇಂದಿಗೂ ಜೀವಂತವಾಗಿದೆಯೇ? ಅಥವಾ ಅದು ಬಾವುಟದೊಂದಿಗೆ ಏರಿಸಿ ಇಳಿಸುವ ಅಲಂಕಾರವಷ್ಟೆಯೇ?

ಕವನ ಸಂಕಲನಗಳನ್ನು ಕೊಳ್ಳುವವರಿಲ್ಲ, ಆದ್ದರಿಂದ ಕಾವ್ಯದ ಕಾಲ ಮುಗಿಯಿತು ಎಂಬುದು ಸಾಮಾನ್ಯವಾಗಿ ಕೇಳಿಬರುವ ತೀರ್ಪು. ಆದರೆ ಕನ್ನಡ ಕಾವ್ಯ ಎಂದೂ ಪುಸ್ತಕವೊಂದನ್ನೇ ನೆಚ್ಚಿ ಬದುಕಿದ್ದಲ್ಲ. ಕೀರ್ತನೆ ಹಾಡಿನಲ್ಲಿ ಉಳಿಯಿತು, ಕುಮಾರವ್ಯಾಸ ಗಮಕದಲ್ಲಿ ಉಳಿದ. 1978ರಲ್ಲಿ ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಬಂದ ‘ನಿತ್ಯೋತ್ಸವ’ ಧ್ವನಿಸುರುಳಿ ನಿಸಾರ್ ಅಹಮದ್ ಅವರ ಕವಿತೆಗಳನ್ನು ಮನೆಮನೆಗೆ ಒಯ್ದಿತು. 2006ರ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ ಕವಿ ಜಯಂತ ಕಾಯ್ಕಿಣಿ ಅವರನ್ನು, ಕವನ ಸಂಕಲನವನ್ನೇ ಮುಟ್ಟದ ಯುವಜನರ ಬಾಯಲ್ಲಿ ನೆಲೆಗೊಳಿಸಿತು. ವಾಹನ ಬದಲಾಗುತ್ತಾ ಬಂದಿದೆ, ಪಯಣ ನಿಂತಿಲ್ಲ.

ಆದರೂ ಕಿವಿಗೆ ಬೀಳುವುದೇ ಬೇರೆ, ಪ್ರಸ್ತುತವಾಗಿರುವುದೇ ಬೇರೆ. ನವೆಂಬರ್‌ನಲ್ಲಿ ಮೊಳಗುವ ಗೀತೆಗಳಲ್ಲಿ ಹೆಚ್ಚಿನವು ದಶಕಗಳ ಹಿಂದಿನವು. ಇಂದಿನ ಬದುಕನ್ನು ಇಂದಿನ ಕವಿತೆ ಮುಟ್ಟುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ 2020ರ ಜನವರಿಯಲ್ಲಿ ಎರಡು ಊರುಗಳಿಂದ ಬಂದಿತ್ತು.

ಮೊದಲನೆಯದು ಕೊಪ್ಪಳ ಜಿಲ್ಲೆಯಿಂದ. ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಪತ್ರಕರ್ತ, ಕವಿ ಸಿರಾಜ್ ಬಿಸರಳ್ಳಿ ಅವರು ಪೌರತ್ವಕ್ಕೆ ದಾಖಲೆ ಕೇಳುವವರನ್ನೇ ಪ್ರಶ್ನಿಸುವ ಕವಿತೆ ಓದಿದರು. ಪೊಲೀಸರು ಪ್ರಕರಣ ದಾಖಲಿಸಿದರು. ಫೆಬ್ರುವರಿಯಲ್ಲಿ ಕವಿ ಬಂಧನಕ್ಕೊಳಗಾಗಿ, ಬಳಿಕ ಜಾಮೀನಿನ ಮೇಲೆ ಹೊರಬಂದರು. ಅಷ್ಟರಲ್ಲಿ ಆ ಕವಿತೆ ಹಲವು ಭಾಷೆಗಳಿಗೆ ಅನುವಾದಗೊಂಡಿತ್ತು.

ಎರಡನೆಯದು ಮಾರತ್ತಹಳ್ಳಿಯ ಮಗ್ಗುಲಿನಿಂದಲೇ. ಅದೇ ತಿಂಗಳು ಕರಿಯಮ್ಮನ ಅಗ್ರಹಾರದಲ್ಲಿ, ಅಕ್ರಮ ಬಾಂಗ್ಲಾದೇಶೀಯರೆಂಬ ಶಂಕೆಯ ಮಾತುಗಳ ನಡುವೆ ಕೂಲಿಕಾರರ ಶೆಡ್‌ಗಳು ನೆಲಸಮವಾದವು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದಿಂದ ದುಡಿಮೆಗೆಂದು ಬಂದ ಕನ್ನಡಿಗರೂ ಇದ್ದರು. ಗುರುತಿನ ಚೀಟಿಗಳನ್ನು ಕೈಯಲ್ಲಿ ಹಿಡಿದು ನಿಂತವರಿಗೂ ಸೂರು ಉಳಿಯಲಿಲ್ಲ. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ನ್ಯಾಯಾಲಯ ತೆರವು ನಡೆದ ರೀತಿಯನ್ನು ಪ್ರಶ್ನಿಸಿತು.

ಕವಿ ಈ ಶೆಡ್‌ಗಳನ್ನು ಕುರಿತು ಬರೆದಿರಲಿಲ್ಲ. ಆದರೆ ಕಾಗದವೊಂದು ಮನುಷ್ಯನಿಗಿಂತ ದೊಡ್ಡದೇ ಎಂಬ ಆತಂಕ ಆನೆಗೊಂದಿಯ ವೇದಿಕೆಯಲ್ಲಿ ಮಾತಾದ ಕೆಲವೇ ದಿನಗಳಲ್ಲಿ ಬೆಂಗಳೂರಿನ ಪೂರ್ವ ಅಂಚಿನಲ್ಲಿ ಕಣ್ಣೆದುರೇ ನಡೆಯಿತು. ಕಾವ್ಯದ ಪ್ರಸ್ತುತತೆಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಸತ್ತ ಕಲೆಯೊಂದರ ಮೇಲೆ ಯಾರೂ ಠಾಣೆಗೆ ದೂರು ಒಯ್ಯುವುದಿಲ್ಲ.

ಕವಿತೆಯಿಂದ ಒಂದು ಶೆಡ್ಡಾದರೂ ಉಳಿಯಿತೇ ಎಂದು ಕೇಳುವವರಿದ್ದಾರೆ. ಇಲ್ಲ, ಬಡವರ ಪರವಾಗಿ ವಾದಿಸಿದ್ದು ವಕೀಲರು, ಆಲಿಸಿದ್ದು ನ್ಯಾಯಾಲಯ. ಆದರೆ ನ್ಯಾಯಾಲಯಕ್ಕೆ ಹೋಗುವ ಮುನ್ನ ಅನ್ಯಾಯವನ್ನು ಅನ್ಯಾಯವೆಂದು ಕರೆಯಲು ಜನರಿಗೆ ಮಾತು ಬೇಕು. 1970ರ ದಶಕದಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳು ದಲಿತ ಚಳವಳಿಗೆ ಒದಗಿಸಿದ್ದು ಅಂಥ ಮಾತನ್ನೇ.

ಕೊರತೆ ಇರುವುದು ಬೇರೆಡೆ. ಅನುವಾದಗೊಂಡು ರಾಜ್ಯದ ಗಡಿ ದಾಟಿದ ಕವಿತೆಗೆ ಹೊರವರ್ತುಲ ರಸ್ತೆಯ ಅಪಾರ್ಟ್‌ಮೆಂಟುಗಳ ದ್ವಾರ ದಾಟುವುದು ಸುಲಭವಾಗಲಿಲ್ಲ. ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ಬಂದಿದೆ. ಫಲಕ ಅಂಗಡಿಯ ಹೆಸರನ್ನು ಹೇಳಬಲ್ಲದು. ಪಕ್ಕದ ಶೆಡ್ಡಿನವರ ಸಂಕಟವನ್ನು ಹೇಳಲಾರದು. ನವೆಂಬರ್‌ನ ವೇದಿಕೆಗೆ ಅಗಲಿದ ಕವಿಗಳ ಭಾವಚಿತ್ರದ ಜೊತೆಗೆ ಇಂದು ಬರೆಯುತ್ತಿರುವ ಒಬ್ಬ ಕವಿಯನ್ನೂ ಕರೆತರುವುದು ಬಡಾವಣೆಯ ಸಂಘಗಳಿಗೆ ಕಷ್ಟದ ಕೆಲಸವೇನಲ್ಲ. ಆ ಕವಿ ಹೇಳುವುದು ಎಲ್ಲರಿಗೂ ಹಿತವಾಗದಿರಬಹುದು. ಆಗಲೂ ಕೂತು ಕೇಳುವ ಸಹನೆ ಈ ಊರಿಗಿದೆಯೇ ಎಂಬುದಷ್ಟೇ ಉಳಿದಿರುವ ಪ್ರಶ್ನೆ.