ಬರೀ ಜೆಲ್ಲಿಯಂತೆ!

ಮೊನ್ನೆ ಬೆಂಗಳೂರಲ್ಲಿ ಗೆಳೆಯರ ಬೇಸಿಗೆ ಪಾರ್ಟಿ. ಬಿಸಿನೀರಲ್ಲಿ ಜೆಲಾಟಿನ್ ಕರಗಿಸಿ, ಮಾವಿನ ರಸ, ವೋಡ್ಕಾ ಸುರಿದು, ಪುಟ್ಟ ಕಪ್ಪುಗಳಲ್ಲಿ ಫ್ರಿಜ್ಜಿಗಿಟ್ಟಿದ್ದರು. (ಹಸಿ ಅನಾನಸ್ ಹಾಕಿದ್ದು ಮಾತ್ರ ಗಟ್ಟಿಯಾಗಲಿಲ್ಲ. ಅದರ ಕಿಣ್ವ ಜೆಲಾಟಿನ್ನನ್ನೇ ಒಡೆಯುತ್ತೆ, ಇಂಜಿನಿಯರ್ ಮಹಾಶಯರೇ!)

ನಮ್ಮೂರು ಪುರ್ತಗೇರಿ ಕಡೆ ಕೂಲಿಯವನು ಸಾರಾಯಿ ಪಾಕೀಟು ಹರಿದರೆ 'ಕುಡುಕ' ಆಗುತ್ತಿದ್ದ. ಇಲ್ಲಿ ಚಮಚದಲ್ಲಿ ತಿಂದರೆ 'ಫನ್'! 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ವೋಡ್ಕಾ ಬಿಟ್ಟಿತು. ಯಾಕೆ ಸ್ವಾಮಿ? ಸಾರಾಯಿಯಾದರೂ ಮೊದಲ ಗುಟುಕಿಗೇ ಗಂಟಲು ಸುಡುತ್ತಿತ್ತು, ಕುಡಿಯುವವನಿಗೆ ಗೊತ್ತಾಗುತ್ತಿತ್ತು. ಈ ಜೆಲ್ಲಿಯಲ್ಲಿ ಸಿಹಿಯೊಂದೇ ಗೊತ್ತಾಗೋದು. ನಶೆ ಏರೋದರೊಳಗೆ ಆರು ಕಪ್ಪು ಖಾಲಿ.

ಎಂದೂ ಕುಡಿಯದ ಹೊಸ ಹುಡುಗನಿಗೆ 'ಬರೀ ಜೆಲ್ಲಿ ಕಣೋ, ತಿನ್ನು' ಅಂದರು. ರಾತ್ರಿಯಿಡೀ ಬಚ್ಚಲಲ್ಲಿ ಅವನ ತಲೆ ಹಿಡಿದು ಕೂತವನು ನಾನು. ತಿನ್ನಿಸಿದವರು ಹೊರಗೆ ಫೋಟೋ ತೆಗೀತಿದ್ದರು.