ಗಲ್ಲೆಯ ಮುಂದೆ ಬರುವ ಅರಬ್ಬೀ ಬೆಳ್ಳಿ

ಹೊಟೇಲಿನ ಗಲ್ಲೆಯ ಮುಂದೆ ಚಹಾ ಕುಡಿದು ನಿಂತ ಅಪರಿಚಿತನೊಬ್ಬನು ಒಳಜೇಬಿನಿಂದ ಬಟ್ಟೆಯ ಗಂಟನ್ನು ತೆಗೆದು, “ಪಾಯ ತೋಡುವಾಗ ಸಿಕ್ಕಿತು, ಅರಬಸ್ಥಾನದ ಹಳೆಯ ಬೆಳ್ಳಿ, ನಿಮಗಾದರೆ ಅರ್ಧ ಕ್ರಯ” ಎಂದು ಪಿಸುಗುಟ್ಟುವ ವ್ಯಾಪಾರವು ಹೊಸತಲ್ಲ. ನಾಗಪುರದಲ್ಲಿ ದುಡಿಯುವ ನಮ್ಮ ಸೋದರರಲ್ಲಿ ಕೆಲವರು ಊರಿಗೆ ಕಳುಹಿಸಬೇಕಾಗಿದ್ದ ಸಂಬಳವನ್ನೇ ಈ ಗಂಟಿಗೆ ಸುರಿದಿರುವುದು ನಮ್ಮ ಗಮನಕ್ಕೆ ಬಂದಿದೆ. ಆದುದರಿಂದ ಈ ವಿಷಯವನ್ನು ವಾಚಕರ ಮುಂದಿಡುವುದು ಕರ್ತವ್ಯವೆಂದು ಭಾವಿಸುತ್ತೇವೆ.

ನಾಣ್ಯಕ್ಕಿಂತ ಮೊದಲು ಆ ಕಥೆಯನ್ನೇ ಪರೀಕ್ಷಿಸೋಣ. ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಕ್ಷೇಪವು ದೊರೆತರೆ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂದು 1878ರ ಕಾಯಿದೆಯು ವಿಧಿಸುತ್ತದೆ. ಮಾರುವವನ ಕಥೆ ನಿಜವಾದರೆ ಅವನು ಕಾಯಿದೆ ಮುರಿದವನು. ಕೊಂಡವನೂ ಠಾಣೆಯ ಮೆಟ್ಟಲು ಹತ್ತಬೇಕಾದೀತು. ಕಥೆ ಸುಳ್ಳಾದರೆ ಹಣ ಹೋಯಿತು. ಇವೆರಡರಲ್ಲಿ ಯಾವುದು ನಮ್ಮ ಮಾಣಿಗೆ ಲಾಭದ್ದೆಂಬುದನ್ನು ವಾಚಕರೇ ಹೇಳಲಿ.

ಇನ್ನು ಲಿಪಿಯ ಮಾತು. ಅರಬ್ಬೀ ಅಕ್ಷರದಂತೆ ಕಾಣುವುದೆಲ್ಲವೂ ಅರಬಸ್ಥಾನದ್ದಲ್ಲ. ಇದೇ ನಾಗಪುರದ ಭೋಸಲೆ ರಾಜರು ಮೊಗಲ ಬಾದಶಹನ ಹೆಸರಿನಲ್ಲಿ ಪಾರಸೀ ಅಕ್ಷರದ ರೂಪಾಯಿಯನ್ನು ಹೊಡೆಯಿಸುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಹೊಡೆಯಿಸಿದ ನಾಣ್ಯಗಳೂ ಪಾರಸೀಯವೇ. ಅವನು ನಡುವೆ ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಶಕೆಯನ್ನು ಹಿಡಿದು, ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಇದನ್ನರಿಯದವನು ವರ್ಷವನ್ನು ತಲೆಕೆಳಗಾಗಿ ಓದುತ್ತಾನೆ. ವಿಜಾಪುರದ ಎರಡನೆಯ ಅಲಿ ಆದಿಲ್‌ಶಹನಾದರೋ (1656–1672) ಪರ್ಷಿಯಾ ಕೊಲ್ಲಿಯ ಬಂದರುಗಳಲ್ಲಿ ಸಲ್ಲುತ್ತಿದ್ದ ‘ಲಾರಿ’ಯ ಮಾದರಿಯಲ್ಲಿ ಬೆಳ್ಳಿಯ ತಂತಿಯನ್ನು ಮಡಿಸಿ ಅದರ ಮೇಲೆ ಮುದ್ರೆಯೊತ್ತಿಸಿದನು. ನೋಡಿದರೆ ಹೇರ್‌ಪಿನ್ನೆಂದೇ ತೋರುವ ಆ ವಸ್ತುವನ್ನು ಮುರಿದ ಒಡವೆಯೆಂದು ಕರಗಿಸುವುದು ಬಹಳ ಸುಲಭ.

ಪ್ರಾಚೀನ ಅರಬ್ಬೀ ದಿರ್ಹಮಿನ ಲಕ್ಷಣವೇ ಬೇರೆ. ಖಲೀಫ ಅಬ್ದುಲ್ ಮಲಿಕನು ಹಿಜರಿ 79ರಲ್ಲಿ, ಎಂದರೆ ಕ್ರಿ. ಶ. 698–99ರಲ್ಲಿ, ಬಳಕೆಗೆ ತಂದ ದಿರ್ಹಮಿನಲ್ಲಿ ರಾಜನ ಮುಖವಿಲ್ಲ, ಬರಹವಷ್ಟೇ ಇದೆ. ಬಿಲ್ಲೆ ತೆಳು ಮತ್ತು ಅಗಲ, ತೂಕ ಸುಮಾರು ಮೂರು ಗ್ರಾಂ. ಹೊಡೆದ ಊರಿನ ಹೆಸರೂ ವರ್ಷವೂ ಅದರಲ್ಲಿರುತ್ತವೆ. ಆದರೆ ವರ್ಷವು ಅಂಕೆಯಲ್ಲಲ್ಲ, ಅಕ್ಷರದಲ್ಲಿ. ಸಾವಿರದ ಇನ್ನೂರು ವರ್ಷ ಹಳೆಯದೆಂದು ಹೇಳುವ ದಿರ್ಹಮಿನ ಮೇಲೆ ದಪ್ಪ ಅಂಕೆಗಳಿದ್ದರೆ ಚಹಾದ ಹಣ ಪಡೆದು ಆತನನ್ನು ಕಳುಹಿಸಿಕೊಡಬಹುದು. ಮಾನ್ಯಖೇಟದ ನಮ್ಮ ರಾಷ್ಟ್ರಕೂಟರನ್ನು ‘ಬಲ್ಹಾರ’ರೆಂದು ಕರೆದು, ಅವರ ನಾಡಿನಲ್ಲಿ ಸಲ್ಲುವ ದಿರ್ಹಮುಗಳ ಸುದ್ದಿಯನ್ನೂ ಅರಬರು ಕ್ರಿ. ಶ. 851ರಷ್ಟು ಹಿಂದೆಯೇ ಬರೆದಿಟ್ಟರು. ಅದೇ ವಂಶದ ಮೂರನೆಯ ಕೃಷ್ಣನ ದೇವಳಿ ತಾಮ್ರಪಟದಲ್ಲಿ (ಶಕ 862) ನಾಗಪುರ-ನಂದಿವರ್ಧನದ ಹೆಸರಿದೆ. ಈ ಸಂಬಂಧವನ್ನು ನೆನೆದು ಹೆಮ್ಮೆಪಡಲು ಅಡ್ಡಿಯಿಲ್ಲ. ಅದನ್ನು ನಂಬಿ ಬೆಳ್ಳಿ ಕೊಳ್ಳಲು ಮಾತ್ರ ಅಡ್ಡಿಯಿದೆ.

ವಿಚಿತ್ರವೆಂದರೆ, ಅರಬಸ್ಥಾನದಲ್ಲಿ ಬಹುಕಾಲ ನಡೆದ ಒಂದು ಬೆಳ್ಳಿ ನಾಣ್ಯದ ಮೇಲೆ ಅರಬ್ಬೀ ಅಕ್ಷರವೇ ಇಲ್ಲ. ಅದು ಆಸ್ಟ್ರಿಯಾದ ರಾಣಿ ಮರಿಯಾ ಥೆರೆಸಾಳ ಮುಖವುಳ್ಳ ಥಾಲರ್. ರಾಣಿ ತೀರಿಕೊಂಡದ್ದು 1780ರಲ್ಲಿ. ಯೆಮನ್ ಮತ್ತು ಕೆಂಪು ಸಮುದ್ರದ ಕರಾವಳಿಯ ವರ್ತಕರು ಆ ಮುಖವನ್ನಲ್ಲದೆ ಬೇರೊಂದನ್ನು ನಂಬದಿದ್ದುದರಿಂದ, ಅನಂತರವೂ ಅದೇ ಇಸವಿಯನ್ನೊತ್ತಿ ಹಲವು ದೇಶಗಳಲ್ಲಿ ಹೊಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಮುಂಬಯಿಯ ಟಂಕಸಾಲೆಯೂ ಹೊಡೆಯಿತು. ಎಂದರೆ 1941ರ ಮುಂಬಯಿಯ ಬೆಳ್ಳಿಯ ಮೇಲೂ 1780 ಎಂದೇ ಇದೆ. ‘ಇನ್ನೂರು ವರ್ಷದ್ದು, ಇಸವಿಯನ್ನು ನೀವೇ ಓದಿ’ ಎನ್ನುವವನ ಮಾತಿಗೆ ಬೆಲೆ ಎಷ್ಟೆಂಬುದು ಇದರಿಂದ ವಿದಿತವಾಗುತ್ತದೆ. ಇಂಥ ನಾಣ್ಯಕ್ಕೆ ಬಹುಮಟ್ಟಿಗೆ ಬೆಳ್ಳಿಯ ಬೆಲೆಯೇ ಬೆಲೆ.

ಆ ಬೆಳ್ಳಿಯಾದರೂ ಸಾಚಾ ಹೌದೋ ಎಂದು ತಿಳಿಯಲು ಪದವಿ ಬೇಕಿಲ್ಲ. ಥಾಲರಿನ ತೂಕ 28.07 ಗ್ರಾಂ; ಸಾವಿರದಲ್ಲಿ 833 ಭಾಗ ಬೆಳ್ಳಿ, ಉಳಿದದ್ದು ತಾಮ್ರ. ಅಂಚಿನಲ್ಲಿ ಉಬ್ಬಕ್ಷರಗಳ ಲ್ಯಾಟಿನ್ ಬರಹವಿರಬೇಕು; ಅಚ್ಚಿನಲ್ಲಿ ಎರಕ ಹೊಯ್ದ ಖೋಟಾ ನಾಣ್ಯದ ಅಂಚಿನಲ್ಲಿ ಬೆಸುಗೆಯ ಗೆರೆಯೂ ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳೂ ಕಾಣುವುದುಂಟು. ಅರಬರು ರಾಣಿಯ ಪದಕದ ಸುತ್ತಲಿನ ಮುತ್ತುಗಳನ್ನೆಣಿಸುತ್ತಿದ್ದರಂತೆ. ನಾವು ಅದಕ್ಕಿಂತ ನೀರನ್ನು ನಂಬುತ್ತೇವೆ. ಇತವಾರಿಯ ಸರಾಫನೊಬ್ಬನ ಸೂಕ್ಷ್ಮ ತಕ್ಕಡಿಯಲ್ಲಿ ನಾಣ್ಯವನ್ನು ಒಮ್ಮೆ ಹಾಗೆಯೇ, ಇನ್ನೊಮ್ಮೆ ದಾರದಲ್ಲಿ ಕಟ್ಟಿ ನೀರಿನಲ್ಲಿ ತೇಲಬಿಟ್ಟಂತೆ ಮುಳುಗಿಸಿ, ತಳ ಮುಟ್ಟದಂತೆ ತೂಗಿಸಿರಿ. ಸಾಚಾ ಥಾಲರು ನೀರಿನಲ್ಲಿ ಸುಮಾರು ಎರಡೂ ಮುಕ್ಕಾಲು ಗ್ರಾಂ ಹಗುರಾಗುತ್ತದೆ. ಅಷ್ಟೇ ತೂಕದ ಜರ್ಮನ್ ಸಿಲ್ವರಾದರೆ ಮೂರೂ ಕಾಲು ಗ್ರಾಮಿನ ಸಮೀಪ. ಜರ್ಮನ್ ಸಿಲ್ವರಿನಲ್ಲಿ ಹೆಸರಿನ ಹೊರತು ಬೆಳ್ಳಿ ಎಳ್ಳಷ್ಟೂ ಇಲ್ಲ. ತೂಗಿಸಲೊಪ್ಪದ ಮಾರಾಟಗಾರನೊಡನೆ ಮುಂದಿನ ಮಾತೇ ಅನಾವಶ್ಯಕ.

ಇದು ಪರರ ಗಂಟಿನ ವಿಚಾರ. ಮನೆಯಲ್ಲೇ ಇರುವುದರ ವಿಚಾರ ಬೇರೆ. ಕರಾವಳಿಯ ಕೆಲವು ಮನೆಗಳ ಹಳೆಯ ಡಬ್ಬಿಗಳಲ್ಲಿ ಕೊಲ್ಲಿಗೆ ಹೋಗಿ ಬಂದ ಹಿರಿಯರು ತಂದ ಬೆಳ್ಳಿ ಇದ್ದೀತು. ಹೊಟೇಲಿನ ಹಿತ್ತಾಳೆಯನ್ನು ಬೆಳಗುವಂತೆ ಹುಣಸೆಹಣ್ಣು ಬೂದಿ ಹಾಕಿ ಅದನ್ನು ತಿಕ್ಕಬಾರದು. ತಿಕ್ಕಿದ ನಾಣ್ಯದ ಅಕ್ಷರ ಸವೆಯುತ್ತದೆ, ಬಲ್ಲವರು ಕೊಡುವ ಕ್ರಯವೂ ಇಳಿಯುತ್ತದೆ. ನೂರು ವರ್ಷ ಮೀರಿದ್ದಾದರೆ 1972ರ ಪ್ರಾಚ್ಯವಸ್ತು ಕಾಯಿದೆಯಂತೆ ಅದನ್ನು ಪರದೇಶಕ್ಕೆ ಒಯ್ಯುವಂತಿಲ್ಲ. ದುಬಾಯಿಗೆ ಹೊರಟಿರುವ ತಮ್ಮಂದಿರ ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸುವ ಯೋಚನೆಯನ್ನು ಬಿಡುವುದು ಕ್ಷೇಮ. ರಜೆಯ ದಿನ 1863ರಲ್ಲಿ ಸ್ಥಾಪಿತವಾದ ನಮ್ಮ ‘ಅಜಬ್ ಬಂಗಲೆ’ಗೆ ಹೋಗಿ ಹಳೆಯ ನಾಣ್ಯಗಳನ್ನು ನೋಡಿ ಕಣ್ಣು ಪಳಗಿಸಿಕೊಳ್ಳಬಹುದು. ಮುಂದಿನ ಸಲ ಊರಿಗೆ ಹೋದಾಗ, ಡಬ್ಬಿಯಲ್ಲಿರುವ ನಾಣ್ಯವು ಯಾರಿಂದ, ಯಾವ ಬಂದರಿನಿಂದ ಬಂತೆಂಬುದನ್ನು ಅಜ್ಜಿಯನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಅದರೊಡನೆ ಇಟ್ಟುಬರಬೇಕೆಂದು ನಮ್ಮ ವಿನಂತಿ.